ಅಡುಗೆಮನೆಯಲ್ಲಿ ಅಚ್ಚು, ಅತ್ತೆಯ ಭಾರಕ್ಕೆ ಬೈಂಡು

ಬೆಳಕು ಹರಿಯುವ ಮುಂಚೆಯೇ ಈ ಬೀದಿಯನ್ನು ಎಬ್ಬಿಸುವುದು ಪ್ರೆಸ್ ಅಕ್ಕನ ಅಡುಗೆಮನೆ. ಅಲ್ಲಿರುವ ಕಾಲಲ್ಲಿ ತುಳಿಯುವ ಅಚ್ಚಿನ ಯಂತ್ರ ಒಮ್ಮೆ 'ಧಡಕ್' ಎಂದರೆ ಮೂರನೇ ಮನೆಯ ಪಾತ್ರೆಗಳು ತಾವಾಗಿಯೇ ಜಾಗ ಬದಲಿಸುತ್ತವೆ. ಆನೆ ಸಾಕಿದ್ದರೂ ಇಷ್ಟು ಸದ್ದಿರುತ್ತಿರಲಿಲ್ಲ.

ಅಕ್ಕ ಮುಚ್ಚಿಹೋದ ಮುದ್ರಣಾಲಯವೊಂದರಲ್ಲಿ ಬೈಂಡಿಂಗ್ ಮಾಡುತ್ತಿದ್ದವರು. ಗುಜರಿಗೆ ಹೊರಟಿದ್ದ ಯಂತ್ರವನ್ನು ಕೇಳಿ ಮನೆಗೆ ತಂದರು. ಅದರ ಭಾರ ತಡೆಯುವ ನೆಲ ಅಡುಗೆಮನೆಯದೊಂದೇ, ಹಾಗಾಗಿ ಒಲೆಯೇ ಹಜಾರಕ್ಕೆ ಬಂತು. ಬಟ್ಟೆಯ ಹಗ್ಗದ ತುಂಬ ಹಾಳೆಗಳು ಒಣಗುತ್ತವೆ, ಯಜಮಾನರು ಒದ್ದೆ ಅಂಗಿಯಲ್ಲೇ ಕೆಲಸಕ್ಕೆ ಹೋಗುತ್ತಾರೆ. "ಮೈಮೇಲೇ ಒಣಗುತ್ತೆ ಬಿಡಿ" ಎನ್ನುತ್ತಾರೆ ಅಕ್ಕ.

ಟೈಲರು, ನರ್ಸು, ಬಸ್ ಡ್ರೈವರು ಬರೆದದ್ದೆಲ್ಲ ಸೇರಿ ತಿಂಗಳಿಗೊಮ್ಮೆ ಒಂದು ಪುಟ್ಟ ಪತ್ರಿಕೆ, ಮುನ್ನೂರು ಪ್ರತಿ. ಇವತ್ತಿನವರೆಗೆ ಒಂದೇ ಒಂದು ಸಂಚಿಕೆಗೂ ಬೆಳಗಿನ ಅಂಚೆ ತಪ್ಪಿಲ್ಲ. ಸೂರ್ಯನಾದರೂ ಮೋಡದ ನೆಪ ಹೇಳುತ್ತಾನೆ, ಅಕ್ಕ ಹೇಳಿದವರಲ್ಲ.

ಹೊಲಿದ ಪ್ರತಿಗಳು ಉಬ್ಬದಂತೆ ಒತ್ತುವುದಕ್ಕೆ ಇಲ್ಲಿ ಬೇರೆ ಯಂತ್ರವಿಲ್ಲ, ಅತ್ತೆ ಇದ್ದಾರೆ. ಪ್ರತಿಗಳ ಮೇಲೆ ಹಲಗೆ, ಹಲಗೆಯ ಮೇಲೆ ಅತ್ತೆ. ಅವರು ಒಂದು ಲೋಟ ಕಾಫಿ ಮುಗಿಸುವಷ್ಟರಲ್ಲಿ ಪತ್ರಿಕೆ ಇಸ್ತ್ರಿ ಹಾಕಿದಂತೆ ಚಪ್ಪಟೆ!

ಈ ತಿಂಗಳು ಅತ್ತೆ ಮಹಾರಾಣಿಯ ಗತ್ತಿನಲ್ಲಿ ಕೂತಿದ್ದಾರೆ. ಕಾರಣ, ಎಪ್ಪತ್ತು ದಾಟಿದ ಮೇಲೆ ಅವರ ಮೊದಲ ಕಥೆ ಅಚ್ಚಾಗಿದೆ. ನಡುವಿನ ಹಾಳೆ ಪೂರ್ತಿ ಅವರದೇ. ಆ ಹಾಳೆಗಳನ್ನು ಬೇರೆಯವರಿಗೆ ಮುಟ್ಟಗೊಡದೆ ತಾವೇ ಮಡಚಿದ್ದಾರೆ.

ಅಕ್ಕ ಒಂದು ಪ್ರತಿ ತೆರೆದು ನೋಡುತ್ತಾರೆ. ಕಥೆಯ ಕೊನೆ ಮೊದಲು ಬಂದಿದೆ, ಶುರು ಆಮೇಲೆ. ಇನ್ನೊಂದು ತೆಗೆದರೆ ಅದೂ ಹಾಗೇ. ಮುನ್ನೂರೂ ಹಾಗೇ!

"ಅತ್ತೆ, ಹಾಳೇನ ಒಳಗಿನ ಮೈ ಹೊರಗೆ ಬರೋ ಹಾಗೆ ಮಡಚಿದ್ದೀರಲ್ಲ!"

"ಮತ್ತೆ? ನನ್ನ ಹೆಸರಿರೋ ಮೈ ಹೊರಗಿದ್ರೆ ಕೊಳೆಯಾಗಲ್ವೇನೆ? ಒಳ್ಳೆ ಸೀರೇನ ಹಾಗಲ್ವಾ ಮಡಚೋದು?"

ಯಜಮಾನರು ಗಡಿಯಾರ ನೋಡುತ್ತಾರೆ. "ಒಂದು ಚೀಟಿ ಅಂಟಿಸಿಬಿಡೋಣ ಕಣೇ. ಕಥೇನ ನಡುವಿಂದ ಓದಿ ಅಂತ."

ವಿಷಯ ಅರ್ಥವಾಗಿ ಅತ್ತೆಯ ಮುಖ ಇಳಿಯುತ್ತದೆ. "ಹಾಗೇ ಕಳಿಸಮ್ಮ. ನನ್ನ ಕಥೆಗೋಸ್ಕರ ನಿನ್ನ ಅಂಚೆ ಯಾಕೆ ತಪ್ಪಬೇಕು?"

ಅಕ್ಕ "ಸ್ವಲ್ಪ ಏಳಿ ಅತ್ತೆ" ಎಂದು ಹಲಗೆ ಸರಿಸಿ ಕತ್ತರಿ ಹಿಡಿಯುತ್ತಾರೆ. ಆಮೇಲೆ ನಡೆದದ್ದು ಇಂದ್ರಜಾಲವಲ್ಲದೆ ಇನ್ನೇನು! ದಾರ ಬಿಚ್ಚಿ, ನಡುವಿನ ಹಾಳೆ ತಿರುವಿ ಮಡಚಿ, ಹಳೆಯ ತೂತುಗಳಲ್ಲೇ ಸೂಜಿ ತೂರಿಸುವ ಆ ಬೆರಳುಗಳ ವೇಗಕ್ಕೆ ಮಿಂಚೂ ನಾಚಬೇಕು. ಒಂದು ಕಾಗದವೂ ಹರಿಯುವುದಿಲ್ಲ. ಯಜಮಾನರು ದಾರ ಕತ್ತರಿಸಿ ಕೊಡುತ್ತಾರೆ, ಅತ್ತೆ ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ಒಂದೊಂದೇ ಪುಟದ ಅಂಕಿ ನೋಡುತ್ತಾರೆ.

ಆದರೆ ಅಂಚೆಯ ವ್ಯಾನು ಮಿಂಚಿಗೂ ಕಾಯುವುದಿಲ್ಲ. ಅರ್ಧ ಕಟ್ಟು ಬಾಕಿ ಇರುವಾಗಲೇ ಅದು ಬೀದಿ ದಾಟಿ ಹೋದ ಸದ್ದು ಕೇಳುತ್ತದೆ. ಮೂವರೂ ತಲೆ ಎತ್ತುತ್ತಾರೆ, ಮತ್ತೆ ಕೆಲಸಕ್ಕೆ ಬಗ್ಗುತ್ತಾರೆ.

ಕೊನೆಗೆ ಅಕ್ಕ ಹಲ್ಲಿನಲ್ಲಿ ದಾರ ಕಡಿದು ಹೇಳುತ್ತಾರೆ: "ಈ ಸಲ ತಡ ಆಯ್ತಲ್ಲ ಅಂತ ಎಲ್ಲರೂ ಕೇಳ್ತಾರೆ. ಕೇಳಲಿ ಬಿಡಿ. ನಮ್ಮತ್ತೆ ಕಥೆ ಮೊದಲಿಂದ ಶುರುವಾಗುತ್ತೆ."