ವತ್ಸಲಾ ಆಂಟಿ ಅತ್ತ ಸಿನಿಮಾ

ಆಗೆಲ್ಲ ಗಣೇಶನ ಹಬ್ಬ ಒಂದೇ ದಿನಕ್ಕೆ ಮುಗಿಯುತ್ತಿರಲಿಲ್ಲ. ವಿಜಯನಗರದ ನಮ್ಮ ಬೀದಿಯಲ್ಲಿ ಹುಡುಗರ ಸಂಘದವರು ಗಣೇಶನನ್ನು ಕೂರಿಸಿದರೆಂದರೆ ವಾರವಿಡೀ ಮಕ್ಕಳ ತಲೆಗೆ ಪಾಠ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಮೈಕಿನಲ್ಲಿ ದೇವರ ಹಾಡು, ಸಂಜೆ ಮುತ್ತುಗದೆಲೆಯ ದೊನ್ನೆಯಲ್ಲಿ ಬಿಸಿಬಿಸಿ ಕಡಲೆ ಉಸಲಿ, ಕರ್ಪೂರ, ಹೊಸ ಶಾಮಿಯಾನದ ಬಟ್ಟೆಯ ವಾಸನೆ. ಗಣೇಶನನ್ನು ಬಿಡುವ ಹಿಂದಿನ ದಿನ ಎರಡು ಲೈಟು ಕಂಬಗಳ ನಡುವೆ ಬೀದಿಗೆ ಅಡ್ಡಲಾಗಿ ಬಿಳಿ ಪರದೆ ಕಟ್ಟಿ ಸಿನಿಮಾ ಹಾಕುತ್ತಿದ್ದರು. ಮುಂದೆ ಜಾಗ ಸಿಗದವರು ಪರದೆಯ ಹಿಂದೆ ಚಾಪೆ ಹಾಸಿಕೊಳ್ಳುತ್ತಿದ್ದರು. ಅವರಿಗೆ ಹೀರೋ ಎಡಗೈಯಲ್ಲಿ ಹೊಡೆಯುತ್ತಿದ್ದ, ಅಷ್ಟೇ ವ್ಯತ್ಯಾಸ.

ನಾವಿದ್ದುದು ವತ್ಸಲಾ ಆಂಟಿಯವರ ವಠಾರದಲ್ಲಿ. ಮುಂದುಗಡೆ ಅವರ ಮನೆ, ಹಿಂದೆ ಸಾಲಾಗಿ ಬಾಡಿಗೆ ಮನೆಗಳು, ನಡುವೆ ಎಲ್ಲರಿಗೂ ಸೇರಿ ಒಂದು ಕೊಳಾಯಿ, ಒಂದು ಒಗೆಯುವ ಕಲ್ಲು, ಕಂಬಳಿಹುಳ ಉದುರಿಸುವ ಒಂದು ನುಗ್ಗೆಮರ. ಅಪ್ಪ ಬಿನ್ನಿಪೇಟೆಯ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮನೆ ಕೇಳಲು ಹೋದ ದಿನ ಆಂಟಿಯ ಗಂಡ ಓನರ್ ಅಂಕಲ್ ಅಪ್ಪನನ್ನು ಜಗುಲಿಯ ಮೇಲೆ ಕೂರಿಸಿ ಕೇಳಿದ್ದರು.

"ಯಾವ ಕಡೆಯೋರು?"

"ಮಂಡ್ಯ ಕಡೆಯೋರು ಸಾರ್."

"ಓ, ಹಂಗಾದ್ರೆ ನಮ್ಮೋರೇ!"

ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನಾವು ಅವರ ಪೈಕಿಯವರಾಗಿರಲಿಲ್ಲ. ಮಂಡ್ಯ ಕಡೆಯ ಹಳ್ಳಿಗಳಲ್ಲಿ ಊರು ಮುಗಿದ ಮೇಲೆ ಇನ್ನೊಂದು ಕೇರಿ ಇರುತ್ತದಲ್ಲ, ನಾವು ಅಲ್ಲಿಯವರು. ಅದಕ್ಕೆ ಮುಂಚೆ ನಾಲ್ಕಾರು ಮನೆಗಳ ಬಾಗಿಲಲ್ಲಿ ನಿಜ ಹೇಳಿ ವಾಪಸು ಬಂದಿದ್ದ ಅಪ್ಪನಿಗೆ ಅವತ್ತು ಸುಮ್ಮನಿರುವುದೇ ಸುಲಭವಾಗಿ ಕಂಡಿರಬೇಕು. ಮನೆಗೆ ಬಂದ ಮೇಲೆ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, "ಯಾರೇ ಕೇಳಲಿ ಪುಟ್ಟಿ, ಮಂಡ್ಯ ಕಡೆಯೋರು ಅನ್ನು. ಅಷ್ಟೇ. ಅದರ ಮೇಲೆ ಒಂದು ಮಾತು ಬೇಡ" ಅಂದರು. ನಾನು ಮಗ್ಗಿಯ ಹಾಗೆ ಅದನ್ನೂ ಬಾಯಿಪಾಠ ಮಾಡಿಕೊಂಡೆ.

ಕಷ್ಟವಾದದ್ದು ಅಮ್ಮನಿಗೆ. ಅಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಅದರ ಮೇಲೆ ವತ್ಸಲಾ ಆಂಟಿಯ ಜೊತೆ ಅವಳಿಗೆ ಒಡಹುಟ್ಟಿದವರ ಹಾಗೆ ನಂಟು ಬೆಳೆದುಬಿಟ್ಟಿತು. ಅಮ್ಮನಿಗೆ ಅವರು "ಅಕ್ಕ", ಅವರಿಗೆ ಅಮ್ಮ "ಜಯಾ". ಭಾನುವಾರ ಅವರ ಮನೆಯ ಕೋಳಿಸಾರಿಗೆ ಮಸಾಲೆ ಅರೆಯುತ್ತಿದ್ದುದು ಅಮ್ಮ. ನನಗೆ ಟೈಫಾಯ್ಡ್ ಆದಾಗ ಗಂಜಿ ಹಿಡಿದು ಬಂದು ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವರು ಆಂಟಿ. ಅವರ ಮಗಳು ಗೀತಾ ನನ್ನ ಕ್ಲಾಸಿನವಳೇ. ಅವಳೂ ನಾನೂ ಒಂದೇ ಮಾವಿನಕಾಯಿ ಹೋಳನ್ನು ಸರದಿಯ ಮೇಲೆ ಕಚ್ಚಿಕೊಂಡು ಸ್ಕೂಲಿಂದ ಬರುತ್ತಿದ್ದೆವು.

ಅಮ್ಮ ಬಸ್ಸಾರು ಮಾಡಿದ ದಿನ ಒಂದು ಸ್ಟೀಲ್ ಬಟ್ಟಲು ಆಂಟಿಯ ಮನೆಗೆ ಹೋಗಲೇಬೇಕು. ದಂಟಿನ ಸೊಪ್ಪು, ಹಲಸಂದೆ ಕಾಳು ಬೇಯಿಸಿ ಬಸಿದು, ಸುಟ್ಟ ಈರುಳ್ಳಿ ಬೆಳ್ಳುಳ್ಳಿ ಹಾಕಿ ಅರೆದ ಖಾರದ ಘಮಲು ವಠಾರಕ್ಕೆಲ್ಲ ಹಬ್ಬುತ್ತಿತ್ತು. ಬಟ್ಟಲು ವಾಪಸು ಬರುವಾಗ ಖಾಲಿ ಬರುತ್ತಿರಲಿಲ್ಲ. ಇನ್ನೊಬ್ಬರ ಪಾತ್ರೆಯನ್ನು ಖಾಲಿ ಕೊಡಬಾರದು ಅಂತ ನಮ್ಮ ಹೆಂಗಸರ ಲೆಕ್ಕ. ಒಂದು ಅಚ್ಚು ಬೆಲ್ಲ, ಎರಡು ಬಾಳೆಹಣ್ಣು, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಅದರಲ್ಲಿರಬೇಕು. ಆ ಸಕ್ಕರೆ ನನ್ನದು. ತಳಕ್ಕೆ ಬೆರಳು ಒತ್ತಿ ಒತ್ತಿ ನೆಕ್ಕುತ್ತಿದ್ದೆ.

"ಅಕ್ಕನ ಹತ್ರ ಮುಚ್ಚಿಟ್ಕೊಂಡು ತಿಂದಿದ್ದು ಮೈಗೆ ಹತ್ತಲ್ಲ ಕಣ್ರೀ" ಎಂದು ಅಮ್ಮ ಅಪ್ಪನಿಗೆ ಆಗಾಗ ಹೇಳುತ್ತಿದ್ದಳು. ಅಪ್ಪ ಬೀಡಿ ಹಚ್ಚಿಕೊಂಡು ಹೊರಗೆ ಹೋಗುತ್ತಿದ್ದರು.

ಆ ವರ್ಷ ಸಂಘದ ಹುಡುಗರು ಫೈಟಿಂಗ್ ಸಿನಿಮಾ ತರಿಸುತ್ತೇವೆಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಬಾಡಿಗೆ ಕೊಡುವವನು ಡಬ್ಬಿ ಅದಲುಬದಲು ಮಾಡಿಬಿಟ್ಟಿದ್ದ. ಮೆಷಿನ್ನು ತಿರುಗಿದರೆ ಪರದೆಯ ಮೇಲೆ ಹಾಡಿಲ್ಲ, ಫೈಟಿಲ್ಲ, ಒಂದು ಒಣಗಿದ ಹಳ್ಳಿ, ಅದರಲ್ಲಿ ಒಬ್ಬ ಮುದುಕ ಸುಮ್ಮನೆ ನಡೆದುಕೊಂಡು ಹೋಗುತ್ತಲೇ ಇದ್ದಾನೆ.

"ಲೋ, ಅವಾರ್ಡ್ ಪಿಚ್ಚರ್ ಕಣ್ರೋ! ಕಾಸು ವಾಪಸ್ ಕೊಡ್ಸೋ ಗುರು!" ಎಂದು ಯಾರೋ ಕೂಗಿದರು. ಸಿಳ್ಳೆ, ಬೈಗುಳ, ಪರದೆಗೆ ಕಡಲೆಕಾಯಿ ಸಿಪ್ಪೆಯ ಎಸೆತ. ಬೇರೆ ಸಿನಿಮಾ ತರುವ ಹೊತ್ತಲ್ಲ ಅದು. ಇದ್ದದ್ದನ್ನೇ ನೋಡಬೇಕಾಯಿತು.

ಕಥೆ ಊರಾಚೆಯ ಕೇರಿಯ ಒಬ್ಬ ಹುಡುಗಿಯದು. ಬಿಸಿಲಿನಲ್ಲಿ ಬಾಯಾರಿ ದೊಡ್ಡಮನೆಯ ಜಗುಲಿ ಹತ್ತಿ ಅಲ್ಲಿದ್ದ ಮಡಕೆಯಿಂದ ನೀರು ಮೊಗೆದು ಕುಡಿದುಬಿಡುತ್ತಾಳೆ. ಆ ಮನೆಯವರು ಬೈಯುವುದಿಲ್ಲ, ಹೊಡೆಯುವುದಿಲ್ಲ. ತುಂಬಿದ ಮಡಕೆಯನ್ನು ಎತ್ತಿ ತಂದು ಅವಳ ಕಾಲ ಬಳಿ ಒಡೆದು ಒಳಗೆ ಹೋಗುತ್ತಾರೆ. ಹುಡುಗಿಯ ತಾಯಿ ಬಂದು ಆ ಚೂರುಗಳನ್ನು ಒಂದೊಂದಾಗಿ ಮಡಿಲಿಗೆ ಆಯ್ದುಕೊಳ್ಳುತ್ತಾಳೆ.

ಸಿಪ್ಪೆ ಎಸೆದ ಹುಡುಗರೂ ಸಿಳ್ಳೆ ನಿಲ್ಲಿಸಿದರು. ರೀಲು ಬದಲಿಸಲು ಲೈಟು ಹಾಕಿದಾಗ ನೋಡಿದರೆ ಹೆಂಗಸರೆಲ್ಲ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾರೆ. ಕುರ್ಚಿಯ ಮೇಲಿದ್ದ ಹಿರಿಯರೊಬ್ಬರು, "ಈಗೆಲ್ಲಿದೆ ಇವೆಲ್ಲ? ಹಳೇ ಕಾಲದ್ದು. ಎಲ್ಲೋ ಹಳ್ಳಿ ಕಡೆ ಇರಬಹುದು ಅಷ್ಟೇ" ಅಂದರು. ಹೌದೌದು ಎಂದು ಅಕ್ಕಪಕ್ಕದವರು ತಲೆಯಾಡಿಸಿದರು. ಅಪ್ಪ ಕೂತಿದ್ದ ಕಡೆ ತಿರುಗಿದರೆ ಜಾಗ ಖಾಲಿಯಾಗಿತ್ತು. ಅವರು ಯಾವಾಗಲೋ ಎದ್ದು ಮನೆಗೆ ಹೋಗಿಬಿಟ್ಟಿದ್ದರು.

ಎಲ್ಲರಿಗಿಂತ ಹೆಚ್ಚು ಅತ್ತವರು ವತ್ಸಲಾ ಆಂಟಿ. ಬಿಕ್ಕಿ ಬಿಕ್ಕಿ ಅತ್ತರು. "ಏನ್ ಜನಾನೋ ಜಯಾ, ಹಸುಗೂಸು ಕಣೇ ಅದು. ನೀರು ಕುಡಿದಿದ್ದಕ್ಕೆ ಹಿಂಗ್ ಮಾಡ್ತಾರಾ? ಇವರ ಕೈಗೆ ಹುಳ ಬೀಳ" ಎಂದು ಅಮ್ಮನ ತೋಳು ಹಿಡಿದುಕೊಂಡರು. ಅಮ್ಮ ಅಳಲಿಲ್ಲ. ಉಳಿದ ಸಿನಿಮಾವನ್ನು ನೋಡಲೂ ಇಲ್ಲ. ಪರದೆಯ ಬೆಳಕಿನಲ್ಲಿ ಆಂಟಿಯ ಒದ್ದೆ ಕೆನ್ನೆಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೋ ಹಗುರವಾಗುತ್ತಿದ್ದುದು ನನಗೆ ಕಾಣಿಸಿತು. ನನಗೂ ಖುಷಿಯಾಯಿತು, ಯಾಕೆಂದು ಆಗ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ ಅಮ್ಮ ಹೇಳಿಬಿಟ್ಟಳು. ನಾನು ಪಕ್ಕದಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ.

"ಅಕ್ಕಾ, ನಿನ್ನೆ ನೋಡಿದ್ವಲ್ಲ ಸಿನಿಮಾ... ಆ ಕೇರಿಯೋರೇ ನಾವು. ಮೂರು ವರ್ಷದಿಂದ ಹೇಳಕ್ಕೆ ಬಾಯಿ ಬಂದಿರ್ಲಿಲ್ಲ. ನಿಮ್ಮ ಹತ್ರ ಮುಚ್ಚಿಡಕ್ಕೆ ನನಗೆ ಮನಸ್ಸಿಲ್ಲ."

ಆಂಟಿ ಬಕೆಟ್ಟಿನಿಂದ ಎತ್ತಿದ ಸೀರೆಯನ್ನು ಹಾಗೇ ಹಿಡಿದುಕೊಂಡು ನಿಂತರು. ಅದರಿಂದ ನೀರು ತೊಟ್ಟಿಕ್ಕಿತು. ಆಮೇಲೆ, "ಅಯ್ಯೋ, ಅದಕ್ಕೇನಂತೆ ಬಿಡು ಜಯಾ. ಎಲ್ಲರ ಮೈಯಲ್ಲೂ ಕೆಂಪು ರಕ್ತಾನೇ ಅಲ್ವಾ" ಅಂದರು. ಅವರ ಕಣ್ಣಲ್ಲಿ ಮತ್ತೆ ನೀರು ಬಂತು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಅಷ್ಟು ಚೆಂದವಾಗಿ ಅಮ್ಮ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅವತ್ತು ಅಮ್ಮ ಬಸ್ಸಾರು ಮಾಡಿದಳು. ಹಬ್ಬದ ಅಡುಗೆಯ ಹಾಗೆ ಸಡಗರದಿಂದ ಮಾಡಿದಳು. ಬಟ್ಟಲು ತುಂಬ ಹಾಕಿ, ಮೇಲೆ ಒಂದು ತಟ್ಟೆ ಮುಚ್ಚಿ, ಚೆಲ್ಲದ ಹಾಗೆ ಹೋಗೆಂದು ನನ್ನ ಕೈಗೆ ಕೊಟ್ಟಳು. ಆಂಟಿ ಬಾಗಿಲಲ್ಲೇ ಇಸಕೊಂಡು, "ಇಟ್ಟು ಹೋಗು ಪುಟ್ಟಿ, ಆಮೇಲೆ ಗೀತಾ ಕೈಲಿ ಬಟ್ಟಲು ಕಳಿಸ್ತೀನಿ" ಅಂದರು. ದಿನವೂ ಒಳಗೆ ನುಗ್ಗುತ್ತಿದ್ದ ನಾನು ಅಂದು ಹೊಸ್ತಿಲಿಂದಲೇ ತಿರುಗಿ ಬಂದೆ.

ಸಂಜೆ ಗೀತಾ ಬಟ್ಟಲು ತಂದಳು. ನಮ್ಮ ಜಗುಲಿಯ ಮೇಲೆ ಇಟ್ಟು, ನನ್ನ ಮುಖ ನೋಡದೆ ಓಡಿದಳು. ನಾನು ಸಕ್ಕರೆಗೆಂದು ಬೆರಳು ಹಾಕಿದೆ. ಏನೂ ಇರಲಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿದ್ದರು, ಬಟ್ಟಲು ಫಳಫಳ ಹೊಳೆಯುತ್ತಿತ್ತು.

"ಅಮ್ಮಾ, ಆಂಟಿ ಏನೂ ಹಾಕೇ ಇಲ್ಲ" ಅಂದೆ.

ಅಮ್ಮ ಬಟ್ಟಲನ್ನು ಕೈಗೆ ತೆಗೆದುಕೊಂಡು ಒಳಗೆ ನೋಡಿದಳು, ಬೋರಲು ಹಾಕಿ ನೋಡಿದಳು. "ಮರೆತಿರ್ತಾರೆ ಕಣೇ, ಹಬ್ಬದ ಕೆಲಸ" ಅಂದಳು. ಆಂಟಿಯ ಮನೆಯ ಹಿತ್ತಲಿನ ಮೋರಿಯ ಹತ್ತಿರ ಕಾಗೆಗಳು ಮುತ್ತಿಕೊಂಡು ಏನನ್ನೋ ಹೆಕ್ಕುತ್ತಿದ್ದವು. ನಾನು ಹೋಗಿ ನೋಡಿದೆ. ಹಲಸಂದೆ ಕಾಳು, ದಂಟಿನ ತುಂಡು. ಅಮ್ಮನೂ ನನ್ನ ಹಿಂದೆಯೇ ಬಂದು ನಿಂತಿದ್ದಳೆಂದು ಅವಳ ಬಳೆಯ ಸದ್ದಿನಿಂದ ಗೊತ್ತಾಯಿತು.

ಯಾರೂ ನಮಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅದನ್ನು ನಾನು ಇವತ್ತಿಗೂ ಹೇಳಬೇಕು. ಎರಡು ದಿನ ಬಿಟ್ಟು ಆಂಟಿ ನಮ್ಮ ಬಾಗಿಲಿನ ಆಚೆ ನಿಂತು, ಬಹಳ ಮೆತ್ತಗೆ, ಊರಿಂದ ಅವರ ತಮ್ಮ ಸಂಸಾರ ಸಮೇತ ಬರುತ್ತಾನೆಂದು ಹೇಳಿದರು.

"ಪಿತೃಪಕ್ಷ ಬರ್ತಿದೆ ಜಯಾ. ಹಿರೀಕರಿಗೆ ಎಡೆ ಇಡೋದಿದೆ ನಮಗೆ. ಅಷ್ಟರೊಳಗೆ ಖಾಲಿ ಮಾಡ್ಕೊಟ್ರೆ... ತಪ್ಪು ತಿಳ್ಕೋಬೇಡ."

"ಪಕ್ಷದಲ್ಲಿ ಯಾರಕ್ಕಾ ಮನೆ ಬದಲಾಯಿಸ್ತಾರೆ?" ಎಂದಳು ಅಮ್ಮ.

ಆಂಟಿ ಸೆರಗು ಹೊದ್ದುಕೊಂಡು ತಮ್ಮ ಮನೆಯ ಕಡೆ ತಿರುಗಿದರು. ಪಕ್ಷದಲ್ಲಿ ಹೊಸ ಪೊರಕೆಯನ್ನೂ ಮನೆಗೆ ತರಬಾರದು ಅನ್ನುತ್ತಿದ್ದವರು ಅವರೇ. ಅವರ ಹಿರಿಯರು ಎಡೆ ಉಣ್ಣಲು ಬರುವ ಹೊತ್ತಿಗೆ ನಾವು ಆ ಕಾಂಪೌಂಡಿನೊಳಗೆ ಇರಬಾರದಿತ್ತು.

ಬಾಪೂಜಿ ನಗರದಲ್ಲಿ ಒಂದು ಶೀಟಿನ ಮನೆ ಸಿಕ್ಕಿತು. ಮಿನಿ ಲಾರಿಗೆ ಸಾಮಾನು ಏರಿಸುವಾಗ ಗೀತಾ ಕಿಟಕಿಯ ಹಿಂದೆ ಇದ್ದಳು. ನಾನು ಕೈ ಎತ್ತಿದೆ. ಪರದೆ ಅಲ್ಲಾಡಿತು, ಅಷ್ಟೇ. ಅಮಾವಾಸ್ಯೆಯ ದಿನ ಬಿಚ್ಚದ ಗೋಣಿಚೀಲಗಳ ನಡುವೆ ಅಮ್ಮ ನಮ್ಮ ಹಿರಿಯರಿಗೂ ಎಡೆ ಇಟ್ಟಳು. ನಮಗೂ ಹಿರಿಯರಿದ್ದರು. ಅಪ್ಪ ಅಮ್ಮನನ್ನು ಒಂದು ಮಾತೂ ಬೈಯಲಿಲ್ಲ. ಎಡೆಯ ಮುಂದೆ ಕೂತು, "ಸಿನಿಮಾ ನೋಡಿ ಅತ್ತೋರೆಲ್ಲ ನಮ್ಮೋರು ಅಂದ್ಕೊಂಡ್ಯಲ್ಲೇ" ಎಂದು ಅವಳ ಬೆನ್ನು ಸವರಿದರು. ಬೈದಿದ್ದರೆ ಅಮ್ಮ ಅಷ್ಟು ಅಳುತ್ತಿರಲಿಲ್ಲವೇನೋ.

ಆಂಟಿಯ ಕಣ್ಣೀರು ಸುಳ್ಳಾಗಿದ್ದರೆ ನನಗೆ ಇಷ್ಟು ವರ್ಷ ಅದು ಕೊರೆಯುತ್ತಿರಲಿಲ್ಲ. ಅವರು ನಿಜವಾಗಿಯೇ ಅತ್ತಿದ್ದರು. ನಾನು ಜ್ವರದಲ್ಲಿ ನರಳಿದಾಗ ಅತ್ತಷ್ಟೇ ನಿಜವಾಗಿ. ಪರದೆಯ ಮೇಲಿನ ಆ ಹುಡುಗಿ ಅವರ ಮನೆಯ ಬಾಡಿಗೆದಾರಳಾಗಿರಲಿಲ್ಲ, ಅವಳ ತಾಯಿ ಅವರಿಗೆ ಬಸ್ಸಾರು ಕಳಿಸುತ್ತಿರಲಿಲ್ಲ. ಹಾಗಾಗಿ ಧಾರಾಳವಾಗಿ ಅಳಲು ಸಾಧ್ಯವಾಯಿತು ಎಂದು ಒಮ್ಮೊಮ್ಮೆ ಸಿಟ್ಟಿನಲ್ಲಿ ಅಂದುಕೊಳ್ಳುತ್ತೇನೆ. ಸಿಟ್ಟು ಇಳಿದ ಮೇಲೆ ಒದ್ದೆ ಬಟ್ಟೆ ಹಿಡಿದ ಅವರ ಕೈ ನೆನಪಾಗುತ್ತದೆ.

ಈಗ ನಾವಿರುವುದು ಕೆಂಗೇರಿಯಲ್ಲಿ, ಸ್ವಂತ ಮನೆ. ಅಪ್ಪ ಇಲ್ಲ. ಅವರು ದುಡಿದ ಮಿಲ್ಲೂ ಇಲ್ಲ. ಮಿಲ್ಲಿದ್ದ ಕಡೆಯ ಒಂದು ಶಾಪಿಂಗ್ ಮಾಲಿಗೆ ಹೋದ ತಿಂಗಳು ನನ್ನ ಮಗಳು ಅಜ್ಜಿಯನ್ನೂ ನನ್ನನ್ನೂ ಸಿನಿಮಾಕ್ಕೆ ಕರೆದುಕೊಂಡು ಹೋದಳು. ಬಹಳ ಮಾತಾಗುತ್ತಿರುವ ಸಿನಿಮಾ. ದೂರದ ದೇಶದಲ್ಲಿ ಮೈ ಕಪ್ಪೆಂದು ಹೊರಗಿಟ್ಟ ಒಬ್ಬ ಹುಡುಗಿಯ ಕಥೆ, ಇಲ್ಲಿ ಜಾತಿಯೆಂದು ಹೊರಗಿಟ್ಟ ಇನ್ನೊಬ್ಬ ಹುಡುಗಿಯ ಕಥೆ, ಎರಡನ್ನೂ ಒಟ್ಟಿಗೆ ಹೆಣೆದಿದ್ದರು. ನಮ್ಮ ಸುತ್ತ ಎಲ್ಲರೂ ಅಳುತ್ತಿದ್ದರು. ಮುಗಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ನೋಡಮ್ಮ, ಜನ ಎಷ್ಟು ಬದಲಾಗಿದಾರೆ" ಎಂದು ಮಗಳು ಒದ್ದೆ ಕಣ್ಣಲ್ಲೇ ನಕ್ಕಳು. ಇರಬಹುದು. ಬದಲಾಗಿದ್ದರೆ ನನಗಿಂತ ಸಂತೋಷಪಡುವವರು ಯಾರು?

ಅಮ್ಮ ಮಾತ್ರ ಸಿನಿಮಾ ನೋಡಿರಲಿಲ್ಲ. ಅಂದಿನ ಹಾಗೆಯೇ ಅಳುವವರ ಮುಖಗಳನ್ನು ನೋಡುತ್ತ ಕೂತಿದ್ದಳು. ಆದರೆ ಅವಳ ಮುಖದಲ್ಲಿ ಏನೂ ಹಗುರಾಗಲಿಲ್ಲ. ಬಾಡಿಗೆ ಮನೆ ಹೋದದ್ದು ನಮಗೆ ನಷ್ಟವೇ ಅಲ್ಲ, ಅದಕ್ಕಿಂತ ಒಳ್ಳೆಯ ಮನೆ ಕಟ್ಟಿದೆವು. ಒಗೆಯುವ ಕಲ್ಲಿನ ಹತ್ತಿರ ಬಾಯಿ ಬಿಟ್ಟು ಹೇಳಿ, ಅಳುತ್ತಲೇ ನಕ್ಕಳಲ್ಲ, ಆ ಅಮ್ಮ ನಮಗೆ ಮತ್ತೆ ಸಿಗಲಿಲ್ಲ.

ಪಕ್ಕದ ಸೀಟಿನಲ್ಲಿ ಅಮ್ಮನ ವಾರಿಗೆಯವರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಅಮ್ಮನ ಕೈ ಮೇಲೆ ಕೈಯಿಟ್ಟು, "ಅಳು ತಡೆಯಕ್ಕಾಗಲ್ಲ ಅಲ್ವೇನ್ರೀ ಇದನ್ನೆಲ್ಲ ನೋಡಿದ್ರೆ" ಅಂದರು. ಒಳ್ಳೆಯ ಮುಖ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, "ಯಾವ ಕಡೆಯೋರು ನೀವು?" ಎಂದು ಕೇಳಿದರು.

ನಾನು ಅಮ್ಮನ ಬಾಯಿಯನ್ನೇ ನೋಡಿದೆ.

"ಮಂಡ್ಯ ಕಡೆಯೋರು" ಎಂದಳು ಅಮ್ಮ.

"ಓ, ಹಂಗಾದ್ರೆ ನಮ್ಮೋರೇ!"

ಅಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮೆಲ್ಲಗೆ ಕೈ ಬಿಡಿಸಿಕೊಂಡು, ಕಾಲಿಗೆ ಚಪ್ಪಲಿ ಹುಡುಕಿಕೊಳ್ಳತೊಡಗಿದಳು.