ಎಲ್ಲಿ ನಿಂತು ನೋಡಿದಿ?

ಉಗಾರ ಖುರ್ದದಲ್ಲಿ, ಎಣ್ಣೆಯ ಒತ್ತಡದಿಂದ ಯಂತ್ರದ ಕೈ ಎತ್ತುವ ಹೈಡ್ರಾಲಿಕ್ ಪಂಪಿನ ಮಾತೆತ್ತಿದರೆ ಜನ ಅಮೋಘಸಿದ್ದನ ಕಡೆ ಬೆರಳು ತೋರಿಸುತ್ತಾರೆ. ಕುರಿ ಕಾಯುವ ಮನೆಯವನು. ಕೆಮ್ಮು ಕೇಳಿಯೇ ಯಾವ ಕುರಿಯೆಂದು ಹೇಳುತ್ತಿದ್ದ ಅವನ ಕಿವಿ, ಮೂವತ್ತು ವರ್ಷ ಪಂಪುಗಳ ನಡುವೆ ದುಡಿದು ಈಗ ಮಂದವಾಗಿತ್ತು. ಅದು ಹೆಂಡತಿ ಗಂಗಾಳೊಬ್ಬಳಿಗೇ ಗೊತ್ತು. ಕಿವುಡ ಮಿಸ್ತ್ರಿಯ ಹತ್ತಿರ ಯಾರು ಬಂದಾರು ಎಂಬ ಅಂಜಿಕೆ ಅವನಿಗೆ.

ಪಂಪ್ ಆರಿಸುವುದರಲ್ಲಿ ಅವನದೊಂದು ಹಟ. ಬಂದವರೆಲ್ಲ ದೊಡ್ಡದು ಕೊಡು ಅನ್ನುವವರೇ. ಅಲ್ಲಾ, ದೊಡ್ಡ ಚಪ್ಪಲಿ ಮೆಟ್ಟಿದರೆ ಬೇಗ ಊರು ಮುಟ್ಟುತ್ತೀರೇನು ಅನ್ನುವನು ಇವನು. ಎಷ್ಟು ಎಣ್ಣೆ ತಳ್ಳಬೇಕು, ಎಷ್ಟು ಒತ್ತಡ ತಡೆಯಬೇಕು, ನಿಮಿಷಕ್ಕೆ ಎಷ್ಟು ಸುತ್ತು, ಎಲ್ಲ ವಿಚಾರಿಸಿ, ಕಡೆಗೆ ಯಾವ ಕಡೆ ತಿರುಗುತ್ತದೆ ಎಂದು ಕೇಳುವನು. ಬಲಕ್ಕೆ ಅಂದರೂ ಬಿಡುವವನಲ್ಲ. "ಎಲ್ಲಿ ನಿಂತು ನೋಡಿದಿ?" ಅನ್ನುವನು. ಪಂಪಿನ ಎಡಬಲ ನೋಡುವುದು ಅದನ್ನು ತಿರುಗಿಸುವ ದಂಡದ, ಅಂದರೆ ಶಾಫ್ಟಿನ, ಮುಂದೆ ನಿಂತು. ನಮ್ಮ ಮಂದಿಗೋ ಎತ್ತಿನ ಹಿಂದೆ ನಿಂತು ಎಡಬಲ ಹೇಳಿಯೇ ರೂಢಿ. ಹತ್ತರಲ್ಲಿ ಆರು ಜನ ಉಲ್ಟಾ ಹೇಳುತ್ತಾರೆ. ಉಲ್ಟಾ ತಿರುಗಿದ ಪಂಪ್ ಎಣ್ಣೆ ಎಳೆಯದೆ ಒಣಗಿ ಸುಟ್ಟುಹೋಗುತ್ತದೆ.

ಈ ಹಂಗಾಮಿನಲ್ಲಿ ಊರ ಸಾಹುಕಾರ ಆಬಾಸಾಹೇಬರ, ಕಬ್ಬು ಎತ್ತಿ ತುಂಬುವ ಲೋಡರಿಗೆ ಹೊಸ ಪಂಪ್ ಬೇಕಾಯಿತು. ಹಳೆಯ ಗೇರ್ ಪಂಪಿನ ಕಿರುಚಾಟಕ್ಕೆ ಡ್ರೈವರ್ ಲಗಮಪ್ಪನಿಗೆ ದಿನವೂ ತಲೆನೋವು. ಅಮೋಘಸಿದ್ದ ಸದ್ದು ಕಡಿಮೆಯ ವೇನ್ ಪಂಪ್ ಆರಿಸಿದ. ತನಗಾದದ್ದು ಆ ಹುಡುಗನಿಗೆ ಆಗಬಾರದು ಎಂಬುದೊಂದೇ ಅವನ ಮನಸ್ಸಿನಲ್ಲಿತ್ತು. ಫೋನಿನಲ್ಲಿ ಲಗಮಪ್ಪ ಬಲಕ್ಕೆ ಅಂದ. ಎಲ್ಲಿ ನಿಂತು ನೋಡಿದಿ ಎಂದು ಇವನು ಕೇಳಿದ. ಉತ್ತರ ಕೇಳಿಸಲಿಲ್ಲ. ಎರಡನೇ ಸಲ ಕೇಳಲು ನಾಚಿ "ಹ್ಞಾ, ಹ್ಞಾ" ಅಂದುಬಿಟ್ಟ. ಮರ್ಯಾದೆ ಎಂಬುದು ಎಂಥೆಂಥ ಶಾಣ್ಯಾನನ್ನೂ ಹುಚ್ಚನನ್ನಾಗಿ ಮಾಡುತ್ತದೆ ನೋಡಿ!

ಪಂಪ್ ಕೂಡಿಸಿಯಾಯಿತು. ಲಗಮಪ್ಪ ಚಾವಿಗೆ ಕೈ ಹಾಕಿದ. ಬುತ್ತಿ ತಂದಿದ್ದ ಗಂಗಾ ಗಂಡನ ಮುಖ ನೋಡಿದಳು. ಲಗಮಪ್ಪ ಬಲಕ್ಕೆ ಅಂದನೆಂದು ಅವನು ಮನೆಯಲ್ಲಿ ಹೇಳಿದ್ದ, ಆದರೆ ಚಾವಿ ತಿರುವುವ ಮೊದಲು ತಪ್ಪದೆ ಕೇಳುವ ಆ ಪ್ರಶ್ನೆ ಇವತ್ತು ಅವನ ಬಾಯಲ್ಲಿ ಬರಲಿಲ್ಲ. ಅವಳು ಬುತ್ತಿ ಕೆಳಗಿಟ್ಟಳು.

"ತಡಿಯೋ ತಮ್ಮಾ," ಅಂದಳು. "ಬಲಕ್ಕ ಅಂದ್ಯಲ್ಲಾ, ಎಲ್ಲಿ ನಿಂತು ನೋಡಿದಿ?"

"ಪಂಪಿನ ಹಿಂದ ನಿಂತು ನೋಡೀನ್ರಿ ಅಕ್ಕಾ. ಮಾಮಾಗ ಫೋನ್ಯಾಗ ಅವತ್ತ ಹೇಳೀನಲ್ಲ."

ಅಮೋಘಸಿದ್ದನಿಗೆ ಈ ಮಾತೂ ಕೇಳಿಸಲಿಲ್ಲ. ಗಂಗಾ ತನ್ನ ಬೆನ್ನು ತಟ್ಟಿ ತೋರಿಸಿದಳು. ಅವನ ಮುಖ ಇಳಿದುಹೋಯಿತು. ಪಂಪ್ ಬಿಚ್ಚಿದ, ಒಳಗಿನ ಉಕ್ಕಿನ ಬಳೆಯನ್ನು ಮಗುಚಿ ಎಡಕ್ಕೆ ತಿರುಗುವಂತೆ ಮತ್ತೆ ಜೋಡಿಸಿದ. ಕಡೆಯ ಬೋಲ್ಟ್ ಬಿಗಿದು, ಪಾನಾ ಕೆಳಗಿಟ್ಟು, ಲಗಮಪ್ಪನ ಕಡೆ ತಿರುಗಿದ.

"ನನಗ ಕಿವಿ ಕೇಳೂದಿಲ್ಲೋ ಲಗಮಪ್ಪಾ. ಇನ್ನ ಮ್ಯಾಲ ಏನಿದ್ರೂ ನಿಮ್ಮ ಅಕ್ಕನ ಮುಂದ ಹೇಳು."

ಲಗಮಪ್ಪ ತಲೆಯಾಡಿಸಿ ಚಾವಿ ತಿರುವಿದ. ಎಂಜಿನ್ ನಡುಗಿತು, ಲೋಡರಿನ ಕೈ ಮೆತ್ತಗೆ ಮೇಲೆದ್ದಿತು. ಪಂಪ್ ಹೇಗೆ ಓಡುತ್ತಿದೆ ಎಂದು ಅಮೋಘಸಿದ್ದ ಹೆಂಡತಿಯನ್ನು ಕಣ್ಣಲ್ಲೇ ಕೇಳಿದ. ಅವಳು ಅವನ ಕಿವಿಯ ಹತ್ತಿರ ಬಾಯಿ ತಂದಳು.

"ಎಂಜಿನ್ ಕೇಳತೈತ್ರಿ. ಪಂಪ ನನಗೂ ಕೇಳಸವಲ್ದು."

ಅವನು ಅವಳ ಕೈ ಹಿಡಿದು, ಸಣ್ಣಗೆ ಮಿಡಿಯುತ್ತಿದ್ದ ಪಂಪಿನ ಮೇಲಿಟ್ಟ.