ಹೃದಯ ಕಲಿಸಿದ ಮಿಸ್ಸು

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ಹುಡುಗಿಯರ ಶಾಲೆ ಕೃಷ್ಣಮೂರ್ತಿಪುರಂನ ಒಂದು ಬಾಡಿಗೆ ಮನೆಯಲ್ಲಿ ನಡೆಯುತ್ತಿತ್ತು. ಅಲ್ಲಿನ ವಿಜ್ಞಾನದ ಮಿಸ್ಸು ಸೀಮೆಸುಣ್ಣವನ್ನು ತುರುಬಿಗೆ ಸಿಕ್ಕಿಸಿಕೊಂಡು, ಕೈ ಬೀಸಿ ದಿನವಿಡೀ ಹೇಳುತ್ತಿದ್ದ ಮಾತು ಒಂದೇ: "ನಿಲ್ಬೇಡ್ರೇ, ಮುಂದಕ್ಕೆ!"

ಹೃದಯದ ಪಾಠಕ್ಕೆ ಅವರು ಚಿತ್ರ ಬರೆಯಲಿಲ್ಲ. ಮನೆಯ ನಾಲ್ಕು ಕೋಣೆಗಳೇ ಹೃದಯ, ಹಿತ್ತಿಲು ಶ್ವಾಸಕೋಶ, ಜಗುಲಿ ಮೈ, ಹುಡುಗಿಯರೆಲ್ಲ ರಕ್ತ. ಎರಡು ಕೋಣೆ ದಾಟಿ ಹಿತ್ತಿಲಿಗೆ ಹೋಗಿ, ಗಾಳಿ ಎಂದುಕೊಂಡು ಒಂದು ನಂದಿಬಟ್ಟಲು ಹೂ ಕೀಳಬೇಕು. ಉಳಿದೆರಡು ಕೋಣೆ ಹಾದು ಬಂದು ಅದನ್ನು ಜಗುಲಿಯಲ್ಲಿಟ್ಟು ಮತ್ತೆ ಒಳಗೆ ನುಗ್ಗಬೇಕು. ಮೊದಲೆರಡು ಕೋಣೆಗಳ ನಡುವಿನ ಬಾಗಿಲು ಕಾಯುವ ಕೆಲಸ ನನ್ನದು. ಎಲ್ಲರೂ ದಾಟಿದ ಕೂಡಲೇ ದಢಾರನೆ ಮುಚ್ಚುತ್ತಿದ್ದೆ.

"ಎದೆಯೊಳಗೆ ಲಬ್ ಡಬ್ ಅನ್ನೋದು ಇದೇ ಕಣ್ರೇ, ಬಾಗಿಲು ಮುಚ್ಚೋ ಸದ್ದು!" ಎಂದು ಮಿಸ್ಸು ಕೂಗುತ್ತಿದ್ದರು.

ಆ ಗದ್ದಲಕ್ಕೆ ಸರಿಯಾಗಿ ಇನ್‌ಸ್ಪೆಕ್ಟರು ಬಂದರು. ಮಿಸ್ಸಿನ ಕೆಲಸ ಕಾಯಂ ಆಗುವುದು ಅವರ ವರದಿಯ ಮೇಲೆ ನಿಂತಿತ್ತು. ಹುಡುಗಿಯರ ನೂಕಿನಲ್ಲಿ ಎರಡನೆಯ ಕೋಣೆ ಸೇರಿದವರು ಗಾಬರಿಯಾಗಿ ಹಿಂದಿರುಗಿದರೆ ಬಾಗಿಲು ಮುಚ್ಚಿತ್ತು.

"ರಕ್ತ ವಾಪಸ್ ಬರೋ ಹಾಗಿಲ್ಲ ಸಾರ್," ಎಂದೆ.

ಮಿಸ್ಸಿನ ಮುಖ ಬಿಳಿಚಿಕೊಂಡಿತು. ಆದರೂ ಬಾಯಿಗೆ ಬಂದದ್ದು ಅದೇ ಮಾತು: "ನಿಲ್ಬೇಡಿ ಸಾರ್, ಮುಂದಕ್ಕೆ!"

ಇನ್‌ಸ್ಪೆಕ್ಟರು ಪೇಟ ಹಿಡಿದುಕೊಂಡು ಓಡಿದರು, ಹೂ ಕಿತ್ತರು, ಸುತ್ತು ಮುಗಿಸಿ ಜಗುಲಿಯಲ್ಲಿ ಏದುಸಿರು ಬಿಡುತ್ತ ಕೇಳಿದರು: "ಇಂಥವು ಎಷ್ಟು ಸುತ್ತು ಹಾಕ್ಬೇಕಮ್ಮ?"

"ಬದುಕಿರೋವರ್ಗೂ ಸಾರ್," ಎಂದರು ಮಿಸ್ಸು.

ಅವರು ಹೂವನ್ನು ಜಗುಲಿಯಲ್ಲಿಟ್ಟು, ಪೇಟ ಬಿಚ್ಚಿ ಅದರ ಪಕ್ಕದಲ್ಲಿಟ್ಟು, ಮತ್ತೆ ಮೊದಲ ಕೋಣೆಗೆ ನುಗ್ಗಿದರು.